ಲ್ಯಾಪ್‌ಟಾಪ್ ಏಳುತ್ತಿಲ್ಲವೆ? ಮೊದಲು ಪಕ್ಕದಲ್ಲಿ ಕೈ ಸವರಿ

ಹೋದ ಮಳೆಗಾಲದ ಒಂದು ರಾತ್ರಿ ದೊಡ್ಡಪ್ಪನ ಫೋನು. "ಲ್ಯಾಪ್‌ಟಾಪ್ ಸತ್ತೇಹೋಯ್ತು ಕಣೋ. ಕಪ್ಪು ಪರದೆ. ಎಡಮೂಲೆಯಲ್ಲಿ ಒಂದು ಸಣ್ಣ ಗೀಟು ಮಿಣಮಿಣ ಅಂತಿದೆ, ಅಷ್ಟೆ." ಪೇಟೆಯ ರಿಪೇರಿ ಅಂಗಡಿಗೆ ಆಗಲೇ ಫೋನ್ ಮಾಡಿ ಕೇಳಿದ್ದರಂತೆ. ಅಂಗಡಿಯವನು ಲ್ಯಾಪ್‌ಟಾಪಿನ ಮುಖವನ್ನೂ ನೋಡದೆ ತೀರ್ಪು ಕೊಟ್ಟಿದ್ದ: ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಮಾಡಬೇಕು, ಒಳಗಿರುವುದು ಉಳಿಯುತ್ತೆ ಅಂತ ಹೇಳಲಾರೆ. ಒಳಗೆ ಮೊಮ್ಮಗಳ ನಾಮಕರಣದ ಫೋಟೊಗಳಿದ್ದವು, ಅಡಿಕೆ ತೋಟದ ಲೆಕ್ಕವಿತ್ತು.

"ಪಕ್ಕದಲ್ಲಿ ಏನಾದ್ರೂ ಸಿಕ್ಕಿಸಿದೀರಾ ದೊಡ್ಡಪ್ಪ?"

"ಏನೂ ಇಲ್ಲ."

"ಕೈಯಲ್ಲಿ ಸವರಿ ನೋಡಿ."

"ಬಲಗಡೆ ಮೌಸಿಂದು ಒಂದು ಚೂರಿದೆ. ಎಡಗಡೆ... ಹಾಂ, ಯಕ್ಷಗಾನದ ಪೆನ್‌ಡ್ರೈವು. ಅದು ಯಾವಾಗ್ಲೂ ಇರತ್ತಲ್ಲ!"

ಎರಡನ್ನೂ ಕೀಳಿಸಿದೆ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿಸಿ, ಮತ್ತೆ ಆನ್ ಮಾಡಿಸಿದೆ. ಒಂದು ನಿಮಿಷದೊಳಗೆ ವಿಂಡೋಸಿನ ಸದ್ದು ಫೋನಿನಲ್ಲೇ ಕೇಳಿಸಿತು. ಖರ್ಚು ಸೊನ್ನೆ.

ಯಾವಾಗಲೂ ಇರುವ ವಸ್ತು ಕಣ್ಣಿಗೆ ಬೀಳುವುದಿಲ್ಲ. ದೊಡ್ಡಪ್ಪನ ಪ್ರಶ್ನೆಯೂ ಅದೇ: ಯಾವಾಗಲೂ ಇರುತ್ತಿದ್ದದ್ದು ಇವತ್ತೇ ಯಾಕೆ ಕಾಟ ಕೊಟ್ಟಿತು? ಕಾರಣ ಸರಳ. ಅವರು ಲ್ಯಾಪ್‌ಟಾಪನ್ನು ಆಫ್ ಮಾಡುವವರೇ ಅಲ್ಲ, ಮುಚ್ಚಳ ಹಾಕಿ ಎದ್ದುಹೋಗುತ್ತಾರೆ. ಹಾಗೆ ಮಾಡಿದರೆ ಅದು ನಿದ್ದೆ ಹೋಗುತ್ತದೆ ಅಷ್ಟೆ. ಅಂದು ಕರೆಂಟ್ ಹೋಗಿ, ಬ್ಯಾಟರಿ ಇಂಗಿ, ಪೂರ್ತಿ ಆರಿಹೋಗಿತ್ತು. ಎಷ್ಟೋ ತಿಂಗಳ ಮೇಲೆ ಅದು ಮೊದಲಿನಿಂದ ಏಳಬೇಕಾಗಿ ಬಂದಿತ್ತು. ಏಳುವಾಗ ಅದಕ್ಕೆ ಮೊದಲು ಸಿಕ್ಕಿದ್ದು ಯಕ್ಷಗಾನ.

ಯುಎಸ್‌ಬಿ ಸಾಧನಗಳಿಂದ ಲ್ಯಾಪ್‌ಟಾಪ್ ನಿಂತಲ್ಲೇ ನಿಂತರೆ ಏನು ಮಾಡಬೇಕು ಎಂದು ಇಲ್ಲಿ ಒಂದೊಂದೇ ಹಂತವಾಗಿ ಬರೆಯುತ್ತಿದ್ದೇನೆ. ಕಂಪ್ಯೂಟರ್ ಓದಿರಬೇಕಿಲ್ಲ. ಸ್ಕ್ರೂಡ್ರೈವರ್ ಬೇಡ. ಬೇಕಾದದ್ದು ಒಂದು ಮೊಬೈಲು, ಒಂದು ಕಾಗದ, ಒಂದು ಪೆನ್ನು ಮತ್ತು ಅರ್ಧ ಗಂಟೆ.

ಮೊದಲು ಸ್ವಲ್ಪ ಒಳಗಿನ ಕಥೆ

ಪವರ್ ಬಟನ್ ಒತ್ತಿದ ಕೂಡಲೇ ವಿಂಡೋಸ್ ಏಳುವುದಿಲ್ಲ. ಅದಕ್ಕೂ ಮೊದಲು ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಒಂದು ಚಿಕ್ಕ ಪ್ರೋಗ್ರಾಮ್ ಏಳುತ್ತದೆ. ಹಳೆಯ ಹೆಸರು ಬಯಾಸ್, ಹೊಸ ಲ್ಯಾಪ್‌ಟಾಪುಗಳಲ್ಲಿ ಅದರ ಜಾಗಕ್ಕೆ ಬಂದಿರುವುದು ಯುಇಎಫ್‌ಐ. ಜನ ಎರಡನ್ನೂ ಬಯಾಸ್ ಎಂದೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅದು ಮೊದಲು ಮೆಮೊರಿ, ಕೀಬೋರ್ಡ್, ಡಿಸ್ಕ್ ಎಲ್ಲ ಹಾಜರಿವೆಯೇ ಎಂದು ನೋಡುತ್ತದೆ. ಆಮೇಲೆ ಒಂದು ಪಟ್ಟಿ ಹಿಡಿದು ಬಾಗಿಲು ಬಾಗಿಲಿಗೆ ಹೋಗಿ "ಇಲ್ಲಿ ಆಪರೇಟಿಂಗ್ ಸಿಸ್ಟಂ ಇದೆಯಾ?" ಎಂದು ಕೇಳುತ್ತದೆ. ಆ ಪಟ್ಟಿಯ ಹೆಸರು ಬೂಟ್ ಆರ್ಡರ್.

ಪಟ್ಟಿಯಲ್ಲಿ ಯುಎಸ್‌ಬಿ ಮೊದಲಿದ್ದರೆ ಪೆನ್‌ಡ್ರೈವಿನ ಬಾಗಿಲನ್ನೇ ಮೊದಲು ಬಡಿಯುತ್ತದೆ. ಒಳಗೆ ಸಿಸ್ಟಂ ಇಲ್ಲದಿದ್ದರೆ ಬುದ್ಧಿವಂತ ಬಯಾಸ್ ಮುಂದಿನ ಬಾಗಿಲಿಗೆ ಹೋಗುತ್ತದೆ. ಹಳೆಯ ಕಾಲದ ಕೆಲವು ಅಲ್ಲೇ ನಿಂತುಬಿಡುತ್ತವೆ, ಗೀಟು ಮಿಟುಕಿಸುತ್ತಾ.

ಕಾರಣ ಇದೊಂದೇ ಅಲ್ಲ. ಸಾಧನ ಅತಿಯಾಗಿ ಕರೆಂಟ್ ಎಳೆಯಬಹುದು. ಅದನ್ನು ನಡೆಸುವ ಪ್ರೋಗ್ರಾಮ್, ಅಂದರೆ ಡ್ರೈವರ್, ಕೆಟ್ಟು ವಿಂಡೋಸನ್ನು ಅರ್ಧ ದಾರಿಯಲ್ಲಿ ಹಿಡಿದು ನಿಲ್ಲಿಸಬಹುದು. ಸಾಧನ ಸಿಕ್ಕಿಸುವ ತೂತು, ಅಂದರೆ ಪೋರ್ಟೇ, ಒಳಗೆ ಬಾಗಿ ಶಾರ್ಟ್ ಆಗಿರಬಹುದು. ಯಾವುದು ಎಂದು ಊಹಿಸುತ್ತಾ ಕೂರುವುದು ಬೇಡ. ಕೆಳಗಿನ ಹಂತಗಳೇ ತೋರಿಸುತ್ತವೆ.

ಹಂತ 1: ಪರದೆಯ ಫೋಟೊ ತೆಗೆಯಿರಿ

ಏನನ್ನೂ ಮುಟ್ಟುವ ಮೊದಲು ಮೊಬೈಲಿನಲ್ಲಿ ಪರದೆಯ ಒಂದು ಫೋಟೊ. "ಏನೋ ಇಂಗ್ಲಿಷಲ್ಲಿ ಬಂತು, ಹೋಯ್ತು" ಎಂದರೆ ನಿಮಗೆ ಸಹಾಯ ಮಾಡಲು ಬಂದವರಿಗೆ ಏನೂ ಸಿಗುವುದಿಲ್ಲ.

"ನೋ ಬೂಟಬಲ್ ಡಿವೈಸ್", "ಆಪರೇಟಿಂಗ್ ಸಿಸ್ಟಂ ನಾಟ್ ಫೌಂಡ್" ಎಂಬಂಥ ಸಾಲು ಕಂಡರೆ ಎದೆ ಒಡೆದುಕೊಳ್ಳಬೇಡಿ. ಹಾರ್ಡ್ ಡಿಸ್ಕ್ ಸತ್ತಾಗಲೂ ಇದೇ ಬರುತ್ತದೆ, ಬಯಾಸ್ ತಪ್ಪು ಬಾಗಿಲಲ್ಲಿ ನಿಂತಾಗಲೂ ಇದೇ ಬರುತ್ತದೆ. "ರಿಮೂವ್ ಡಿಸ್ಕ್ಸ್ ಆರ್ ಅದರ್ ಮೀಡಿಯಾ" ಎಂದಿದ್ದರೆ ಅದು ಹೆಚ್ಚುಕಡಿಮೆ ತಪ್ಪೊಪ್ಪಿಗೆಯೇ. ಕೀಳಬೇಕಾದದ್ದನ್ನು ಅದೇ ಹೇಳುತ್ತಿದೆ. ಲಿನಕ್ಸಿನಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿನದು ಇನ್ನೂ ತಮಾಷೆ: ಇದು ಬೂಟ್ ಆಗುವ ಡಿಸ್ಕ್ ಅಲ್ಲ, ಬೂಟ್ ಆಗುವ ಫ್ಲಾಪಿ ಹಾಕಿ ಎನ್ನುತ್ತದೆ. ಫ್ಲಾಪಿಯನ್ನು ಕಣ್ಣಲ್ಲೂ ಕಾಣದ ಮಕ್ಕಳು ಇದನ್ನು ವೈರಸ್ ಎಂದುಕೊಂಡು ಹೆದರಿದ್ದನ್ನು ನೋಡಿದ್ದೇನೆ. ವೈರಸ್ ಅಲ್ಲ, ಹಳೆಯ ಕಾಲದ ಒಂದು ವಾಕ್ಯ ಹಾಗೇ ಉಳಿದುಕೊಂಡಿದೆ.

ಕಂಪನಿಯ ಲೋಗೊ ಬಂದು ಅದರ ಕೆಳಗೆ ಚುಕ್ಕಿಗಳು ತಿರುಗುತ್ತಲೇ ಇದ್ದರೆ ಬಯಾಸ್ ತನ್ನ ಕೆಲಸ ಮುಗಿಸಿದೆ ಎಂದರ್ಥ. ಸಿಕ್ಕಿಹಾಕಿಕೊಂಡಿರುವುದು ವಿಂಡೋಸ್. ಆಗ ಡ್ರೈವರ್ ಮೇಲೆ ಅನುಮಾನ.

ಒಂದು ಪರದೆ ಬಂದಾಗ ಮಾತ್ರ ಕೈ ಕಟ್ಟಿ ಕೂರಬೇಕು. "ಸ್ಕ್ಯಾನಿಂಗ್ ಆಂಡ್ ರಿಪೇರಿಂಗ್ ಡ್ರೈವ್" ಎಂದು ಬಂದು ಪಕ್ಕದಲ್ಲಿ ಶೇಕಡಾ ಲೆಕ್ಕ ಏರುತ್ತಿದ್ದರೆ ಅದು ಡಿಸ್ಕಿನ ತಪಾಸಣೆ. ಹೊರಗಿನ ದೊಡ್ಡ ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದರೆ ಇದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು. ನಡುವೆ ವೈರ್ ಕೀಳಬೇಡಿ, ಆಫ್ ಮಾಡಬೇಡಿ. ಅಪ್‌ಡೇಟ್ ನಡೆಯುತ್ತಿದ್ದರೂ ಇದೇ ಮಾತು.

ಇನ್ನೊಂದು ಪರದೆಯ ಬಗ್ಗೆ ಗಟ್ಟಿಯಾಗಿ ಹೇಳಬೇಕು. ಆನ್ ಮಾಡಿದಾಗ ನಿಮ್ಮ ಹಳೆಯ ಡೆಸ್ಕ್‌ಟಾಪ್ ಬದಲು "ವಿಂಡೋಸ್ ಸೆಟಪ್" ಬಂದು, ಭಾಷೆ ಯಾವುದು, ಕೀಬೋರ್ಡ್ ಯಾವುದು ಎಂದು ಕೇಳಿದರೆ ನೆಕ್ಸ್ಟ್ ಒತ್ತಬೇಡಿ. ಯಾರೋ ಹಿಂದೆ ವಿಂಡೋಸ್ ಹಾಕಿಕೊಟ್ಟಾಗ ಬಳಸಿದ ಪೆನ್‌ಡ್ರೈವ್ ಅಲ್ಲೇ ಉಳಿದಿದೆ, ಲ್ಯಾಪ್‌ಟಾಪ್ ಅದರಿಂದಲೇ ಎದ್ದಿದೆ. ಕೇಳಿದ್ದಕ್ಕೆಲ್ಲ ನೆಕ್ಸ್ಟ್, ನೆಕ್ಸ್ಟ್ ಎಂದು ಒತ್ತುವ ಅಭ್ಯಾಸ ನಮಗೆಲ್ಲ ಇದೆ. ಇಲ್ಲಿ ಆ ಅಭ್ಯಾಸ ಇದ್ದದ್ದೆಲ್ಲವನ್ನೂ ಅಳಿಸಿಹಾಕಬಲ್ಲದು. ಆಫ್ ಮಾಡಿ, ಪೆನ್‌ಡ್ರೈವ್ ಕಿತ್ತು, ಮತ್ತೆ ಆನ್ ಮಾಡಿ. ನಿಮ್ಮ ವಿಂಡೋಸ್ ಇದ್ದಲ್ಲೇ ಇರುತ್ತದೆ.

ಪರದೆಯೂ ಇಲ್ಲ, ಒಂದು ದೀಪವೂ ಇಲ್ಲ, ಫ್ಯಾನಿನ ಸದ್ದೂ ಇಲ್ಲ ಎಂದಾದರೆ ಮೊದಲು ಚಾರ್ಜರ್ ನೋಡಿ, ಗೋಡೆಯ ಸ್ವಿಚ್ ನೋಡಿ. ಅವು ಸರಿಯಿದ್ದರೆ ಹಂತ 2ಕ್ಕೆ ಬನ್ನಿ. ಪೋರ್ಟ್ ಶಾರ್ಟ್ ಆಗಿದ್ದರೂ ಹೀಗೆ ಆಗುವುದುಂಟು.

ಹಂತ 2: ಪೂರ್ತಿ ಆರಿಸಿ

ಪವರ್ ಬಟನ್ ಒತ್ತಿ ಹಿಡಿಯಿರಿ, ದೀಪ ಆರುವವರೆಗೆ. ಹತ್ತು ಸೆಕೆಂಡ್ ಸಾಕು, ಕೆಲವಕ್ಕೆ ಇನ್ನೂ ಸ್ವಲ್ಪ ಬೇಕು. ಸುಮ್ಮನೆ ಒಮ್ಮೆ ಒತ್ತಿ ಬಿಟ್ಟರೆ ಅದು ನಿದ್ದೆ ಹೋಗಬಹುದು, ಅದು ಸಾಲದು.

ಹಂತ 3: ಎಲ್ಲವನ್ನೂ ಕೀಳಿ, ಎಲ್ಲವನ್ನೂ ಅಂದರೆ ಎಲ್ಲವನ್ನೂ

ಈ ಲೇಖನದಲ್ಲಿ ಒಂದೇ ಹಂತ ನೆನಪಿಡುವುದಾದರೆ ಇದನ್ನು ನೆನಪಿಡಿ. ಕಣ್ಣಿನ ಮೇಲೆ ನಂಬಿಕೆ ಬೇಡ, ಬೆರಳಲ್ಲಿ ಸವರಿ. ಎಡಬದಿ, ಬಲಬದಿ, ಹಿಂಬದಿ, ಮುಂದಿನ ಅಂಚು. ಮೌಸಿನ ಡಾಂಗಲ್ ಉಗುರಿನಷ್ಟೇ ಇರುತ್ತದೆ. ಕ್ಯಾಮೆರಾದ ಮೆಮೊರಿ ಕಾರ್ಡ್ ಪೂರ್ತಿ ಒಳಗೆ ಹೋಗಿ ಕೂತಿರುತ್ತದೆ. ಅದೂ ಬಯಾಸಿನ ಕಣ್ಣಿಗೆ ಒಂದು ಡ್ರೈವೇ. ಪ್ರಿಂಟರಿನ ವೈರ್, ಇಂಟರ್‌ನೆಟ್ ಡಾಂಗಲ್, ಚಾರ್ಜಿಗೆ ಹಾಕಿದ ಫೋನು, ಆಡಿಟರ್ ಆಫೀಸಿನವರಾದರೆ ಡಿಜಿಟಲ್ ಸಹಿಯ ಟೋಕನ್, ಸೇವಾ ಕೇಂದ್ರ ನಡೆಸುವವರಾದರೆ ಬೆರಳಚ್ಚಿನ ಯಂತ್ರ, ಎಲ್ಲವೂ ಹೊರಗೆ ಬರಲಿ. ಬಹಳ ಮಂದಿ ಮರೆಯುವುದು ಕೂಲಿಂಗ್ ಪ್ಯಾಡನ್ನು. ಲ್ಯಾಪ್‌ಟಾಪಿನ ಕೆಳಗೆ ಫ್ಯಾನ್ ತಿರುಗಿಸುತ್ತಾ ಬಿದ್ದಿರುವ ಅದೂ ಯುಎಸ್‌ಬಿಯಿಂದಲೇ ಕರೆಂಟ್ ಕುಡಿಯುತ್ತದೆ.

ಒಂದು ಪೋರ್ಟನ್ನು ನಾಲ್ಕಾಗಿಸುವ ಹಬ್ ಇದ್ದರೆ ಹಬ್ಬಿನಿಂದ ಒಂದೊಂದೇ ಕೀಳುವುದಲ್ಲ, ಹಬ್ಬನ್ನೇ ಕೀಳಿ. ಟಿವಿಗೋ ಮಾನಿಟರಿಗೋ ಹೋಗುವ ಎಚ್‌ಡಿಎಂಐ ವೈರನ್ನೂ ತೆಗೆಯಿರಿ. ಪರದೆ ಕಪ್ಪಗಿದೆ ಎಂದುಕೊಂಡಾಗ ಚಿತ್ರ ಆ ಟಿವಿಗೆ ಹೋಗುತ್ತಿರಬಹುದು.

ಹೊರಗಿನ ಯುಎಸ್‌ಬಿ ಕೀಬೋರ್ಡ್ ಬಗ್ಗೆ ಒಂದು ಮಾತು. ಅದರ ಒಂದು ಕೀಲಿ ಕೆಳಗೆ ಸಿಕ್ಕಿಕೊಂಡಿದ್ದರೆ, ಅಥವಾ ಅದರ ಮೇಲೆ ಯಾರೋ ಪುಸ್ತಕದ ಕಟ್ಟು ಇಟ್ಟಿದ್ದರೆ, ಲ್ಯಾಪ್‌ಟಾಪ್ ಏಳುವಾಗ "ಯಾರೋ ಕೀಲಿ ಒತ್ತುತ್ತಿದ್ದಾರೆ" ಎಂದು ತಿಳಿದು ಪ್ರತಿ ಸಲವೂ ಬಯಾಸಿನ ನೀಲಿ ಪರದೆಗೋ ಬೂಟ್ ಮೆನುವಿಗೋ ಹೋಗಿ ನಿಲ್ಲುತ್ತದೆ. ನನ್ನದೇ ಮೇಜಿನ ಮೇಲೆ ನಡೆದದ್ದು ಇದು. ಅರ್ಧ ಗಂಟೆ ಬೂಟ್ ಆರ್ಡರ್ ಹುಡುಕಿದೆ. ಕಡೆಗೆ ನೋಡಿದರೆ ನಿಘಂಟಿನ ಒಂದು ಮೂಲೆ ಕೀಬೋರ್ಡಿನ ಮೇಲಿನ ಸಾಲಿನ ಮೇಲೆ ಒರಗಿತ್ತು.

ಹಂತ 4: ಉಳಿದ ಕರೆಂಟ್ ಇಳಿಸಿ, ಬರಿಗೈಯಲ್ಲಿ ಏಳಿಸಿ

ಚಾರ್ಜರನ್ನೂ ಕೀಳಿ. ಬ್ಯಾಟರಿ ಕೈಯಲ್ಲೇ ಬಿಚ್ಚುವ ಹಳೆಯ ಮಾದರಿಯಾದರೆ ಅದನ್ನೂ ತೆಗೆಯಿರಿ. ಒಳಗೇ ಕೂತ ಬ್ಯಾಟರಿಯಾದರೆ ಬಿಡಿ. ಈಗ ಪವರ್ ಬಟನ್ನನ್ನು ಮೂವತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದುಕೊಂಡ ಅಲ್ಪಸ್ವಲ್ಪ ವಿದ್ಯುತ್ ಇಳಿದುಹೋಗುತ್ತದೆ. ಶಾರ್ಟ್ ಆದ ಯುಎಸ್‌ಬಿಗೆ ಹೆದರಿ ಪೋರ್ಟನ್ನೇ ಮುಚ್ಚಿಕೊಂಡಿದ್ದ ಲ್ಯಾಪ್‌ಟಾಪುಗಳು ಇದಾದ ಮೇಲೆ ಸರಿಹೋಗುವುದುಂಟು.

ಬ್ಯಾಟರಿ ಬಿಚ್ಚಿದ್ದರೆ ಮತ್ತೆ ಕೂರಿಸಿ, ಚಾರ್ಜರ್ ಒಂದನ್ನೇ ಸಿಕ್ಕಿಸಿ, ಆನ್ ಮಾಡಿ. ಮೌಸ್ ಬೇಡ, ಟಚ್‌ಪ್ಯಾಡ್ ಸಾಕು.

ಎದ್ದಿತೆ? ಹಾಗಾದರೆ ತಪ್ಪು ಹೊರಗಿನದು, ಒಳಗಿನದಲ್ಲ. ಫಾರ್ಮ್ಯಾಟ್ ಮಾತು ಇಲ್ಲಿಗೆ ಮುಗಿಯಿತು. ಮೊದಲು ಒಂದು ಲೋಟ ಕಾಫಿ ಕುಡಿದು ಬಂದು ಹಂತ 5 ನೋಡಿ. ಏಳಲಿಲ್ಲವೆಂದರೆ ನೇರ ಹಂತ 7ಕ್ಕೆ ಹೋಗಿ.

ಹಂತ 5: ಕಳ್ಳನನ್ನು ಹಿಡಿಯಿರಿ

ಇಲ್ಲಿ ಎಲ್ಲರೂ ಮಾಡುವ ತಪ್ಪು, ಸರಿಯಾಯಿತಲ್ಲ ಎಂಬ ಖುಷಿಯಲ್ಲಿ ಎಲ್ಲವನ್ನೂ ಒಟ್ಟಿಗೆ ಸಿಕ್ಕಿಸುವುದು. ನಾಳೆ ಬೆಳಗ್ಗೆ ಮತ್ತೆ ಅದೇ ಗೀಟು.

ಒಂದು ಸಾಧನ ಸಿಕ್ಕಿಸಿ. ಸ್ಟಾರ್ಟ್ ಮೆನುವಿಗೆ ಹೋಗಿ "ರೀಸ್ಟಾರ್ಟ್" ಒತ್ತಿ. "ಶಟ್‌ಡೌನ್" ಅಲ್ಲ, ರೀಸ್ಟಾರ್ಟ್. ಇದರಲ್ಲಿ ಒಂದು ಗುಟ್ಟಿದೆ. ವಿಂಡೋಸ್ 8ರಿಂದ ಈಚೆಗೆ "ಫಾಸ್ಟ್ ಸ್ಟಾರ್ಟಪ್" ಎಂಬ ವ್ಯವಸ್ಥೆ ಬಂದಿದೆ. ಶಟ್‌ಡೌನ್ ಒತ್ತಿದಾಗ ವಿಂಡೋಸ್ ತನ್ನ ಒಳಗಿನ ಸ್ಥಿತಿಯನ್ನು, ಯಾವ ಯಾವ ಡ್ರೈವರ್ ಓಡುತ್ತಿತ್ತು ಎಂಬುದನ್ನೂ ಸೇರಿಸಿ, ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ಮರುದಿನ ಅದನ್ನೇ ಓದಿಕೊಂಡು ಬೇಗ ಏಳುತ್ತದೆ. ಹಾಗಾಗಿ ನಿನ್ನೆಯ ಗೊಂದಲ ಇವತ್ತಿಗೂ ಬರಬಹುದು. ರೀಸ್ಟಾರ್ಟಿನಲ್ಲಿ ಹೀಗಾಗುವುದಿಲ್ಲ, ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಆಫ್ ಮಾಡಿಯೇ ಪರೀಕ್ಷಿಸಬೇಕೆಂದರೆ ಶಿಫ್ಟ್ ಕೀಲಿ ಹಿಡಿದುಕೊಂಡು ಶಟ್‌ಡೌನ್ ಒತ್ತಿ, ಆಗಲೂ ಪೂರ್ತಿ ಆರುತ್ತದೆ.

ಸರಿಯಾಗಿ ಎದ್ದರೆ ಕಾಗದದಲ್ಲಿ ಆ ಸಾಧನದ ಹೆಸರು ಬರೆದು, ಮುಂದೆ ಒಂದು ಟಿಕ್ ಹಾಕಿ. ಅದನ್ನು ಹಾಗೇ ಬಿಟ್ಟು ಎರಡನೆಯದನ್ನು ಸಿಕ್ಕಿಸಿ, ಮತ್ತೆ ರೀಸ್ಟಾರ್ಟ್. ಹೀಗೆ ಒಂದೊಂದೇ. ಬೇಸರದ ಕೆಲಸ, ಒಪ್ಪುತ್ತೇನೆ. ಬೇರೆ ದಾರಿ ಇಲ್ಲ.

ಒಂದು ಕಡೆ ಸಿಕ್ಕಿಕೊಂಡಿತು ಎನ್ನೋಣ. ತಕ್ಷಣ ಸಾಧನವನ್ನು ದೂರಬೇಡಿ. ಅದನ್ನೇ ಬೇರೆ ಪೋರ್ಟಿಗೆ ಹಾಕಿ ನೋಡಿ. ಅಲ್ಲೂ ಸಿಕ್ಕಿಕೊಂಡರೆ ತಪ್ಪು ಸಾಧನದ್ದು. ಅಲ್ಲಿ ಸರಿಯಾದರೆ, ಮೊದಲಿನ ಪೋರ್ಟಿಗೆ ಈಗಾಗಲೇ ಟಿಕ್ ಬಿದ್ದ ಬೇರೊಂದು ಸಾಧನ ಹಾಕಿ ನೋಡಿ. ಅದೂ ಸಿಕ್ಕಿಕೊಂಡರೆ ತಪ್ಪು ಪೋರ್ಟಿನದು. ಒಂಟಿಯಾಗಿ ಯಾವುದೂ ತೊಂದರೆ ಕೊಡದೆ ಎರಡು ಮೂರು ಒಟ್ಟಿಗೆ ಸೇರಿದಾಗ ಮಾತ್ರ ನಿಲ್ಲುತ್ತದೆ ಎಂದಾದರೆ ಕರೆಂಟ್ ಸಾಲುತ್ತಿಲ್ಲ ಎಂದೇ ಲೆಕ್ಕ.

ಹಂತ 6: ಸಿಕ್ಕಿದ ಕಳ್ಳನಿಗೆ ತಕ್ಕ ಶಾಸ್ತಿ

ಪೆನ್‌ಡ್ರೈವ್ ಅಥವಾ ಮೆಮೊರಿ ಕಾರ್ಡ್ ಆಗಿದ್ದರೆ: ಬೂಟ್ ಆರ್ಡರ್ ಬದಲಿಸಬೇಕು. ಅದಕ್ಕೆ ಬಯಾಸಿಗೆ ಹೋಗಬೇಕು, ಹೋಗುವ ಮುನ್ನ ಒಂದು ಎಚ್ಚರಿಕೆ. ಈಚಿನ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಬಹಳಷ್ಟು ಬಿಟ್‌ಲಾಕರ್ ಬೀಗ ಹಾಕಿಕೊಂಡೇ ಇರುತ್ತವೆ, ಎಷ್ಟೋ ಸಲ ಯಜಮಾನರಿಗೆ ಗೊತ್ತೇ ಇಲ್ಲದೆ. ಬಯಾಸಿನಲ್ಲಿ ಏನೋ ಬದಲಾಗಿದೆ ಎಂದು ಅನುಮಾನ ಬಂದರೆ ಅದು 48 ಅಂಕಿಗಳ ಒಂದು ಕೀ ಕೇಳುತ್ತದೆ, ಕೊಡುವವರೆಗೆ ಬಾಗಿಲು ತೆರೆಯುವುದಿಲ್ಲ. ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಫೋನಿನಿಂದಲೇ ಲಾಗಿನ್ ಆಗಿ, ಸಾಧನಗಳ ಪಟ್ಟಿಯಲ್ಲಿ ರಿಕವರಿ ಕೀ ಇದೆಯೇ ನೋಡಿ, ಇದ್ದರೆ ಮೊದಲೇ ಕಾಗದಕ್ಕೆ ಬರೆದಿಡಿ. ಆಫೀಸಿನ ಲ್ಯಾಪ್‌ಟಾಪ್ ಆದರೆ ಕೀ ಆಫೀಸಿನ ಐಟಿಯವರ ಬಳಿ ಇರುತ್ತದೆ. ಬಯಾಸ್ ಕೆಲಸವನ್ನೂ ಅವರಿಗೇ ಬಿಡಿ. ಅಂದಹಾಗೆ, ಹಬ್ಬೋ ಡಾಕೋ ಸಿಕ್ಕಿಸಿ ಆನ್ ಮಾಡಿದಾಗ ಮಾತ್ರ ಈ ಕೀ ಕೇಳುತ್ತಿದ್ದರೆ, ಅದನ್ನು ಕಿತ್ತು ಒಮ್ಮೆ ರೀಸ್ಟಾರ್ಟ್ ಮಾಡಿ. ಕೀ ಕೇಳದೆಯೇ ಏಳಬಹುದು.

ಬಯಾಸಿಗೆ ಹೋಗುವ ಕೀಲಿ ಕಂಪನಿಯಿಂದ ಕಂಪನಿಗೆ ಬೇರೆ. ಡೆಲ್, ಏಸರ್, ಆಸುಸ್ ಎಲ್ಲದರಲ್ಲೂ ಸಾಮಾನ್ಯವಾಗಿ ಎಫ್2. ಎಚ್‌ಪಿಯಲ್ಲಿ ಎಫ್10, ಅಥವಾ ಮೊದಲು ಎಸ್ಕೇಪ್ ಒತ್ತಿ ಬರುವ ಪಟ್ಟಿಯಿಂದ ಆರಿಸಬಹುದು. ಲೆನೊವೊದಲ್ಲಿ ಥಿಂಕ್‌ಪ್ಯಾಡ್ ಆದರೆ ಎಫ್1, ಐಡಿಯಾಪ್ಯಾಡ್ ಆದರೆ ಎಫ್2. ಕೆಲವು ಐಡಿಯಾಪ್ಯಾಡುಗಳ ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತಿರುತ್ತದೆ, ಆಫ್ ಆಗಿದ್ದಾಗ ಅದಕ್ಕೆ ಪಿನ್ ಹಾಕಿ ಒತ್ತಿದರೂ ಮೆನು ಬರುತ್ತದೆ. ಆನ್ ಮಾಡಿದ ಕೂಡಲೇ ಆ ಕೀಲಿಯನ್ನು ಟಕಟಕ ಒತ್ತುತ್ತಿರಬೇಕು. ಲೋಗೊ ಬಂದ ಮೇಲೆ ಹುಡುಕಿದರೆ ತಡವಾಯಿತು.

ಒಳಗೆ "ಬೂಟ್" ಎಂಬ ಪುಟ ಹುಡುಕಿ. ಅಲ್ಲಿ ಪಟ್ಟಿ ಕಾಣುತ್ತದೆ. "ವಿಂಡೋಸ್ ಬೂಟ್ ಮ್ಯಾನೇಜರ್" ಎಂಬ ಹೆಸರು, ಅದಿಲ್ಲದಿದ್ದರೆ ನಿಮ್ಮ ಒಳಗಿನ ಡಿಸ್ಕಿನ ಹೆಸರು, ಎಲ್ಲಕ್ಕಿಂತ ಮೇಲೆ ಬರಬೇಕು. ಯಾವ ಕೀಲಿಯಿಂದ ಮೇಲೆ ಕೆಳಗೆ ಸರಿಸಬೇಕು ಎಂಬುದನ್ನು ಪರದೆಯ ಅಂಚಿನಲ್ಲೇ ಬರೆದಿರುತ್ತಾರೆ. ಸರಿಸಿ, ಸೇವ್ ಮಾಡಿ ಹೊರಗೆ ಬನ್ನಿ. ಬಹುತೇಕ ಕಡೆ ಅದಕ್ಕೆ ಎಫ್10. ಅಲ್ಲಿರುವ ಬೇರೆ ಯಾವುದನ್ನೂ ಮುಟ್ಟಬೇಡಿ. ಸೆಕ್ಯೂರ್ ಬೂಟ್ ಎಂಬುದನ್ನಂತೂ ಮುಟ್ಟಲೇಬೇಡಿ. ಬದಲಾವಣೆಗೆ ಮುಂಚೆ ಆ ಪುಟದ ಒಂದು ಫೋಟೊ ಇಟ್ಟುಕೊಂಡರೆ ಹಿಂದಕ್ಕೆ ಹೋಗುವ ದಾರಿ ಉಳಿದಿರುತ್ತದೆ.

ಇಷ್ಟೆಲ್ಲ ಬೇಡ ಅನ್ನಿಸಿದರೆ ದೊಡ್ಡಪ್ಪ ಮಾಡಿದ್ದನ್ನು ಮಾಡಿ. ಈಗ ಅವರು ಮುಚ್ಚಳ ಹಾಕುವಾಗಲೇ ಪೆನ್‌ಡ್ರೈವ್ ಕಿತ್ತಿಡುತ್ತಾರೆ. ಬಯಾಸ್ ಎಂಬ ಹೆಸರನ್ನೂ ಅವರು ಕೇಳಿಲ್ಲ.

ಹೊರಗಿನ ಹಾರ್ಡ್ ಡಿಸ್ಕ್ ಆಗಿದ್ದರೆ: ಕರೆಂಟ್ ಲೆಕ್ಕ ನೋಡಿ. 2000ದಲ್ಲಿ ಬಂದ ಯುಎಸ್‌ಬಿ 2.0 ಪೋರ್ಟ್ 5 ವೋಲ್ಟಿನಲ್ಲಿ 500 ಮಿಲಿಆಂಪ್ ಕೊಡಬೇಕೆಂಬುದು ನಿಯಮ. 2008ರ ಯುಎಸ್‌ಬಿ 3.0 ಅದನ್ನು 900ಕ್ಕೆ ಏರಿಸಿತು. ಜೇಬಿನಲ್ಲಿ ಹಿಡಿಯುವ ಹಾರ್ಡ್ ಡಿಸ್ಕಿನ ಒಳಗೆ ನಿಜವಾಗಿಯೂ ತಿರುಗುವ ತಟ್ಟೆಗಳಿವೆ. ನಿಂತ ತಟ್ಟೆಯನ್ನು ತಿರುಗಿಸಲು ಶುರುವಿನಲ್ಲಿ ಜಾಸ್ತಿ ಬಲ ಬೇಕು, ನಿಂತ ಬಂಡಿಯನ್ನು ಮೊದಲು ನೂಕುವಾಗ ಬೇಕಾಗುವಂತೆ. ಲ್ಯಾಪ್‌ಟಾಪ್ ತಾನೇ ಏಳಲು ಒದ್ದಾಡುವ ಹೊತ್ತಿಗೆ ಸರಿಯಾಗಿ ಇದೂ ಎಳೆಯುತ್ತದೆ. ಕಿವಿ ಹತ್ತಿರ ಹಿಡಿದಾಗ ಟಿಕ್, ಟಿಕ್, ಮತ್ತೆ ಟಿಕ್ ಎಂದು ಕೇಳಿದರೆ ತಟ್ಟೆ ತಿರುಗಲು ಹೊರಟು ಸೋಲುತ್ತಿದೆ ಎಂದರ್ಥ. ಒಳಗೆ ನೀಲಿ ಪ್ಲಾಸ್ಟಿಕ್ ಕಾಣುವ ಪೋರ್ಟ್ ಸಾಮಾನ್ಯವಾಗಿ ಯುಎಸ್‌ಬಿ 3, ಅದಕ್ಕೆ ಹಾಕಿ. ಉದ್ದದ ತೆಳು ವೈರಿನ ಬದಲು ಡಿಸ್ಕಿನ ಜೊತೆ ಬಂದ ಗಿಡ್ಡ ವೈರನ್ನೇ ಬಳಸಿ. ಎಲ್ಲಕ್ಕಿಂತ ಒಳ್ಳೆಯದು, ವಿಂಡೋಸ್ ಪೂರ್ತಿ ಎದ್ದ ಮೇಲೆ ಸಿಕ್ಕಿಸುವುದು. ಬೇರೆ ಕಂಪ್ಯೂಟರಿಗೆ ಹಾಕಿದರೂ ಟಿಕ್ ಟಿಕ್ ನಿಲ್ಲದಿದ್ದರೆ ಆ ಡಿಸ್ಕ್ ಸಾಯುತ್ತಿದೆ. ಅದರಲ್ಲಿರುವುದನ್ನು ಅವತ್ತೇ ಬೇರೆಡೆಗೆ ನಕಲು ಮಾಡಿಕೊಳ್ಳಿ.

ಹಬ್ ಆಗಿದ್ದರೆ: ಒಂದೇ ಪೋರ್ಟಿನ ಕರೆಂಟನ್ನು ನಾಲ್ಕು ಜನ ಹಂಚಿಕೊಳ್ಳುತ್ತಿದ್ದಾರೆ ಎಂದುಕೊಳ್ಳಿ. ಸ್ವಂತ ಅಡಾಪ್ಟರ್ ಇರುವ ಹಬ್ ತಂದರೆ ಜಗಳ ಮುಗಿಯುತ್ತದೆ. ಅಗ್ಗದ ಅಡಾಪ್ಟರ್ ಹಬ್ಬುಗಳಲ್ಲಿ ಉಲ್ಟಾ ತೊಂದರೆಯೂ ಉಂಟು. ಹಬ್ಬಿನ ಕರೆಂಟ್ ಲ್ಯಾಪ್‌ಟಾಪಿನೊಳಕ್ಕೆ ಹಿಂದಕ್ಕೆ ಹರಿಯುತ್ತದೆ. ಆಫ್ ಮಾಡಿದ ಲ್ಯಾಪ್‌ಟಾಪಿನಲ್ಲಿ ಯಾವುದೋ ದೀಪ ಮಂಕಾಗಿ ಉರಿಯುತ್ತಿದ್ದು, ಹಬ್ ಕಿತ್ತ ಕೂಡಲೇ ಆರಿದರೆ ಆ ಹಬ್ಬನ್ನು ಎಸೆಯಿರಿ.

ಟೋಕನ್, ಬೆರಳಚ್ಚಿನ ಯಂತ್ರ, ಪ್ರಿಂಟರ್ ಆಗಿದ್ದರೆ: ಡ್ರೈವರ್ ಹಳತಾಗಿದೆ ಅಥವಾ ಕೆಟ್ಟಿದೆ. ಸಾಧನ ಕಿತ್ತಿಟ್ಟು ವಿಂಡೋಸ್ ಏಳಿಸಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ "ಡಿವೈಸ್ ಮ್ಯಾನೇಜರ್" ಸಿಗುತ್ತದೆ. ಅದರ "ವ್ಯೂ" ಮೆನುವಿನಲ್ಲಿ "ಶೋ ಹಿಡನ್ ಡಿವೈಸಸ್" ಒತ್ತಿದರೆ, ಈಗ ಸಿಕ್ಕಿಸಿಲ್ಲದ ಹಳೆಯ ಸಾಧನಗಳೆಲ್ಲ ಮಸುಕು ಮಸುಕಾಗಿ ಕಾಣಿಸಿಕೊಳ್ಳುತ್ತವೆ. ನಿಮ್ಮ ಸಾಧನದ ಮೇಲೆ ರೈಟ್ ಕ್ಲಿಕ್ ಮಾಡಿ "ಅನ್‌ಇನ್‌ಸ್ಟಾಲ್ ಡಿವೈಸ್" ಆರಿಸಿ. ಡ್ರೈವರನ್ನೂ ಅಳಿಸಬೇಕೆ ಎಂದು ಕೇಳಿದರೆ ಆ ಚೌಕಕ್ಕೆ ಟಿಕ್ ಹಾಕಿ. ಆಮೇಲೆ ತಯಾರಿಸಿದ ಕಂಪನಿಯ ವೆಬ್‌ಸೈಟಿನಿಂದಲೇ ಹೊಸ ಡ್ರೈವರ್ ಇಳಿಸಿ ಹಾಕಿ, ಕೊನೆಯಲ್ಲಿ ಸಾಧನ ಸಿಕ್ಕಿಸಿ. ಪಕ್ಕದ ಅಂಗಡಿಯವರು ವಾಟ್ಸಾಪಿನಲ್ಲಿ ಕಳಿಸಿದ ಡ್ರೈವರ್ ಫೈಲ್ ಬೇಡ.

ಇಷ್ಟಾದರೂ ಬೆಳಗಿನ ಮೊದಲ ಏಳುವಿಕೆಯಲ್ಲಿ ಮಾತ್ರ ತೊಂದರೆ, ರೀಸ್ಟಾರ್ಟ್ ಮಾಡಿದರೆ ಸರಿ ಎಂದಾದರೆ ಫಾಸ್ಟ್ ಸ್ಟಾರ್ಟಪ್ಪನ್ನೇ ತೆಗೆದುಹಾಕಿ. ಕಂಟ್ರೋಲ್ ಪ್ಯಾನೆಲ್, ಅದರಲ್ಲಿ ಪವರ್ ಆಪ್ಷನ್ಸ್, ಅದರ ಎಡಬದಿಯಲ್ಲಿ "ಚೂಸ್ ವಾಟ್ ದ ಪವರ್ ಬಟನ್ಸ್ ಡು". ಅಲ್ಲಿ ಮೇಲಿರುವ ನೀಲಿ ಸಾಲನ್ನು ಒತ್ತಿದ ಮೇಲೆ ಕೆಳಗಿನ ಟಿಕ್ ತೆಗೆಯಲು ಬಿಡುತ್ತದೆ. ಏಳುವುದು ಕೆಲವು ಸೆಕೆಂಡ್ ತಡವಾಗಬಹುದು. ಅಷ್ಟಕ್ಕೆ ನಷ್ಟವೇನಿಲ್ಲ.

ಪೋರ್ಟ್ ಆಗಿದ್ದರೆ: ಲ್ಯಾಪ್‌ಟಾಪ್ ಆಫ್ ಮಾಡಿ, ಮೊಬೈಲಿನ ಟಾರ್ಚ್ ಬಿಟ್ಟು ಒಳಗೆ ನೋಡಿ. ಪ್ಲಾಸ್ಟಿಕ್ಕಿನ ಒಂದು ನಾಲಿಗೆ, ಅದರ ಮೇಲೆ ಸಾಲಾಗಿ ನಾಲ್ಕು ಹಳದಿ ಪಟ್ಟಿಗಳು ಕಾಣಬೇಕು. ಯುಎಸ್‌ಬಿ 3 ಆದರೆ ಇನ್ನೂ ಐದು ಇರುತ್ತವೆ. ಒಂದು ಪಟ್ಟಿ ಬಾಗಿ ಪಕ್ಕದ್ದನ್ನೋ ಸುತ್ತಲಿನ ಲೋಹವನ್ನೋ ಮುಟ್ಟಿದ್ದರೆ ಅದೇ ಶಾರ್ಟ್. ನಾಲಿಗೆಯೇ ಮುರಿದು ಪಟ್ಟಿಗಳು ಅನಾಥವಾಗಿ ಎದ್ದಿರುವುದನ್ನೂ ನೋಡಿದ್ದೇನೆ. ಪೆನ್‌ಡ್ರೈವ್ ಸಿಕ್ಕಿಸಿದ ಲ್ಯಾಪ್‌ಟಾಪನ್ನು ಹಾಗೇ ಚೀಲಕ್ಕೆ ತುರುಕಿದ ಫಲ ಅದು. ಮಲೆನಾಡು, ಕರಾವಳಿಯ ಕಡೆ ಮಳೆಗಾಲ ಕಳೆಯುವಷ್ಟರಲ್ಲಿ ಪಟ್ಟಿಗಳಿಗೆ ಹಸಿರು ಕಿಲುಬು ಹಿಡಿದಿರುವುದೂ ಉಂಟು. ಕಿಲುಬಾದರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೆತ್ತನೆಯ ಬ್ರಶ್ಶಿನಿಂದ ಉಜ್ಜಿ, ಪೂರ್ತಿ ಒಣಗಿದ ಮೇಲೆ ಆನ್ ಮಾಡಿ. ಬಾಗಿದ ಪಟ್ಟಿಯನ್ನು ನೆಟ್ಟಗೆ ಮಾಡುತ್ತೇನೆಂದು ಪಿನ್ನು, ಹೇರ್‌ಕ್ಲಿಪ್ಪು ಹಾಕಲು ಹೋಗಬೇಡಿ. ಆ ಪೋರ್ಟಿನ ಬಾಯಿಗೆ ಒಂದು ಚೂರು ಟೇಪ್ ಅಂಟಿಸಿ, ಮನೆಯಲ್ಲಿ ಯಾರೂ ಮರೆತು ಬಳಸದ ಹಾಗೆ. ಪೋರ್ಟ್ ಬದಲಾಯಿಸುವುದು ಬೆಸುಗೆಯ ಕೆಲಸ, ಬಲ್ಲವರೇ ಮಾಡಬೇಕು.

ಹಂತ 7: ಎಲ್ಲ ಕಿತ್ತರೂ ಏಳದಿದ್ದರೆ

ಹಾಗಾದರೆ ಯುಎಸ್‌ಬಿ ನಿರಪರಾಧಿ ಇರಬಹುದು, ಆದರೂ ಇನ್ನೊಂದು ಕೆಲಸ ಉಳಿದಿದೆ. ಲೋಗೊ ಬಂದು ಚುಕ್ಕಿ ತಿರುಗುವಾಗ ಪವರ್ ಬಟನ್ ಒತ್ತಿ ಹಿಡಿದು ಆರಿಸಿ. ಹೀಗೆ ಎರಡು ಮೂರು ಸಲ. ಏಳಲಾಗುತ್ತಿಲ್ಲ ಎಂಬುದನ್ನು ವಿಂಡೋಸ್ ತಾನೇ ಗ್ರಹಿಸಿ ರಿಪೇರಿ ಪರದೆ ತೋರಿಸುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಬರುವ ಪಟ್ಟಿಯಲ್ಲಿ 4 ಒತ್ತಿದರೆ ಸೇಫ್ ಮೋಡ್. ಅತ್ಯಗತ್ಯವಾದ ಡ್ರೈವರುಗಳನ್ನು ಮಾತ್ರ ಹಾಕಿಕೊಂಡು ವಿಂಡೋಸ್ ಏಳುವ ರೀತಿ ಅದು. ಬಿಟ್‌ಲಾಕರ್ ಇದ್ದರೆ ಇಲ್ಲೂ ಆ 48 ಅಂಕಿ ಕೇಳಬಹುದು. ಸೇಫ್ ಮೋಡಿನಲ್ಲಿ ಎದ್ದಿತೆಂದರೆ ಮೇಲೆ ಹೇಳಿದ ಡಿವೈಸ್ ಮ್ಯಾನೇಜರಿಗೆ ಹೋಗಿ, ಇತ್ತೀಚೆಗೆ ಹಾಕಿದ ಸಾಧನದ ಡ್ರೈವರ್ ಕಿತ್ತುಹಾಕಿ. ಅಲ್ಲಿರುವಾಗಲೇ ಮುಖ್ಯವಾದ ಫೈಲುಗಳನ್ನು ಒಂದು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ಇಷ್ಟು ಹೊತ್ತು ಬೈಸಿಕೊಂಡ ಪೆನ್‌ಡ್ರೈವ್ ಈಗ ಆಪದ್ಬಾಂಧವ.

ಅದೂ ಆಗಲಿಲ್ಲವೆಂದರೆ ಅಂಗಡಿಗೆ ಒಯ್ಯುವುದೇ ಸರಿ. ಒಯ್ಯುವಾಗ ಹಂತ 1ರ ಫೋಟೊ, ಏನೇನು ಮಾಡಿ ನೋಡಿದಿರಿ ಎಂದು ಬರೆದ ಕಾಗದ ಜೊತೆಗಿರಲಿ. "ಎಲ್ಲ ಕಿತ್ತು ನೋಡಿದ್ದೇನೆ, ಸೇಫ್ ಮೋಡಿಗೂ ಹೋಗುತ್ತಿಲ್ಲ" ಎಂದು ಹೇಳಿದ ಗಿರಾಕಿಗೆ ಸಿಗುವ ಉತ್ತರವೇ ಬೇರೆ. ಇನ್ನೊಂದು ಚೀಟಿಯಲ್ಲಿ "ಫೈಲುಗಳು ಬೇಕು. ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ" ಎಂದು ಬರೆದು, ಕೆಳಗೆ ಫೋನ್ ನಂಬರ್ ಹಾಕಿ, ಮುಚ್ಚಳದ ಮೇಲೆ ಅಂಟಿಸಿ ಕೊಡಿ. ಬಾಯಲ್ಲಿ ಹೇಳಿ ಬಂದರೆ ಸಾಲದು. ಕೌಂಟರಿನಲ್ಲಿ ಇಸಿದುಕೊಳ್ಳುವವನು ಬೇರೆ, ಒಳಗೆ ಕೂತು ಕೆಲಸ ಮಾಡುವವನು ಬೇರೆ. ಚಾರ್ಜರನ್ನೂ ಮರೆಯದೆ ಒಯ್ಯಿರಿ.